ಹಂಪಣ್ಣನ ತಂಪು ಕೋಣೆ
ಮಸ್ಕಿ ಬಸ್ ಸ್ಟ್ಯಾಂಡಿನ ಎದುರು ಪೇಂಟ್ ಅಂಗಡಿ ಇಟ್ಟಿರುವ ಹಂಪಣ್ಣ, ಕಂಪನಿಯ ಪುಸ್ತಕದಲ್ಲಿ ಬಿಸಿ ಬಣ್ಣ, ತಂಪು ಬಣ್ಣ ಎಂದು ಓದಿದ ದಿನದಿಂದ ವೈದ್ಯನೇ ಆಗಿಬಿಟ್ಟಿದ್ದಾನೆ. ಅವನ ಲೆಕ್ಕದಲ್ಲಿ ಹಳದಿ ಮಾವಿನ ಹಣ್ಣಿನಂತೆ ಉಷ್ಣ, ತಿಳಿಹಸಿರು ಮಜ್ಜಿಗೆಯಂತೆ ತಂಪು. ಗಿರಾಕಿ ಬಂದರೆ ಗೋಡೆಯ ಅಳತೆಗಿಂತ ಮೊದಲು, "ಮನ್ಯಾಗ ಯಾರಿಗರ ಬಾಯಿಹುಣ್ಣು ಆಗತಾವೇನ್ರೀ?" ಎಂದು ವಿಚಾರಿಸುತ್ತಾನೆ. ಹೌದೆಂದರೆ ಹಾಲ್‌ಗೆ ಆಕಾಶನೀಲಿ. ಸದಾ ನೆಗಡಿ ಎನ್ನುವವರಿಗೆ ಕಿತ್ತಳೆ. ಗೊರೇಬಾಳದ ಮಾಸ್ತರರೊಬ್ಬರು ಟೀವಿಯಲ್ಲಿ ಕಂಡ ಹಾಗೆ ಬೀಗರ ಕೋಣೆಗೆ ಕಡುಗೆಂಪು ಬೇಕೆಂದಾಗ ಅವನು ಗಂಭೀರವಾಗಿಯೇ, "ಹಚ್ರಿ ಮಾಸ್ತರ್ರ, ಛಲೋ ಆತು. ಅಷ್ಟು ಉಷ್ಣದಾಗ ಬೀಗರು ಮೂರನೇ ದಿನ ನಿಲ್ಲಂಗಿಲ್ಲ, ತಾವಾಗೇ ಬಸ್ ಹತ್ತತಾರ" ಎಂದ. ಮಾಸ್ತರರು ಒಂದು ಡಬ್ಬಿ ಹೆಚ್ಚಿಗೇ ಒಯ್ದರು. ಈ ಶಾಸ್ತ್ರದ ಮೇಲೆ ಹಂಪಣ್ಣನಿಗೆ ಎಂಥ ನಂಬಿಕೆ ಎಂದು ತಿಳಿಯಲು ಅವನ ಮನೆಗೇ ಹೋಗಬೇಕು. ಊರಿಗೆಲ್ಲ ಬಣ್ಣ ಹೇಳುವವನ ಮನೆಗೆ ಬರೀ ಸುಣ್ಣ. ಒಂದು ಕೋಣೆಗೆ ಮಾತ್ರ ನೀಲಿ, ಅದೂ ಒಂದರ ಮೇಲೊಂದು ಐದು ಕೋಟ್. ಲಿಂಗಸುಗೂರಿಗೆ ಕೊಟ್ಟ ಮಗಳು ದಾನೇಶ್ವರಿ ತವರಿಗೆ ಬಂದಾಗ ಮಲಗುವ ಕೋಣೆ ಅದು. "ಕೋಣಿ ತಂಪೈತೇನವ್ವಾ? ಇನ್ನೆರಡು ದಿನ ಇರು" ಎನ್ನುತ್ತಾನೆ. "ಭಾಳ ತಂಪೈತಿ ಯಪ್ಪಾ" ಎನ್ನುತ್ತಲೇ ಅವಳು ಮೂರನೇ ದಿನ ಬಸ್ ಹತ್ತುತ್ತಾಳೆ. ಆ ಬಸ್ಸಿನ ಧೂಳು ಅಡಗುವ ಮೊದಲೇ ಹಂಪಣ್ಣ ಅಂಗಡಿಯಿಂದ ಇನ್ನೊಂದು ನೀಲಿ ಡಬ್ಬಿ ಎತ್ತಿಕೊಂಡು ಮನೆಗೆ ಹೊರಡುತ್ತಾನೆ.