ಗೋದಲಿಗೆ ಬಂದ ಸ್ಪೇನಿನ ಊರು

ಕ್ರಿಸ್ಮಸ್‌ಗೆ ಗೋದಲಿ ಕಟ್ಟುವುದು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನೂ ಸುತ್ತಲಿನ ಊರನ್ನೂ ಮನೆಯ ಮೂಲೆಯಲ್ಲಿ ಕೂರಿಸುವುದು, ನಮ್ಮ ಮನೆಯಲ್ಲಿ ನನ್ನ ಕೆಲಸ. ತೊಂಬತ್ತರ ದಶಕದ ಒಂದು ವರ್ಷ ಮಾತ್ರ ಅದು ನನ್ನ ಕೈತಪ್ಪಿತು. ಗಂಡನ ಆಫೀಸಿನ ಹಿರಿಯ ಇಂಜಿನಿಯರ್ ಒಬ್ಬರು, ಸ್ಪೇನಿನವರು, ರಜೆ ಸಿಗದೆ ಹಬ್ಬಕ್ಕೆ ದೋಹಾದ ಬಿನ್ ಒಮ್ರಾನಿನ ನಮ್ಮ ಫ್ಲಾಟಿಗೇ ಬಂದಿದ್ದರು. ನಾನು ಕೂಡಿಟ್ಟಿದ್ದ ಥರ್ಮಾಕೋಲ್ ಕಂಡದ್ದೇ ತಡ, ಅಂಗಿಯ ತೋಳು ಮಡಚಿ ಕೂತುಬಿಟ್ಟರು. ಬೆತ್ಲೆಹೇಮಿನ ಜಾಗದಲ್ಲಿ ಗುಡ್ಡದ ಮೇಲಿನ ಅವರ ಊರು ಏಳತೊಡಗಿತು.

ನನಗೆ ಆಗ ಬೇರೆಯೇ ಚಿಂತೆ. ಮನೆಯ ಮಾಲೀಕರು, ವಯಸ್ಸಾದ ಕತಾರಿ, ಫ್ಲಾಟು ತಮ್ಮ ಸಂಬಂಧಿಗೆ ಬೇಕಾಗಬಹುದು, ಆ ವಾರ ತಾವೇ ಬಂದು ತಿಳಿಸುತ್ತೇನೆ ಎಂದಿದ್ದರು. ಈ ಮನೆ ಹೋದರೆ ನಮ್ಮ ಕೈಗೆಟುಕುವ ಇನ್ನೊಂದಿರಲಿಲ್ಲ. ಗಂಡ ಬ್ಯಾಚುಲರ್ ರೂಮು ಸೇರಬೇಕು, ನಾನೂ ಮಗಳೂ ಉಡುಪಿಗೆ ಹೊರಡಬೇಕು.

ಇಂಜಿನಿಯರರಿಗೆ ಇದೊಂದೂ ಗೊತ್ತಿಲ್ಲ. ಗುಡ್ಡದ ನಡುವಿಗೆ ರೋಮನರ ಗೋಡೆ ಸುತ್ತಿದರು. ಅದರ ಮೇಲೆ ಅರಬರ ಕೋಟೆ, ಗೋಪುರ. ಕ್ರೈಸ್ತ ರಾಜ ಗೆದ್ದ ಮೇಲೆ ಅದೇ ಗೋಪುರಕ್ಕೆ ಗಂಟೆ, ಪಕ್ಕದಲ್ಲಿ ಇಗರ್ಜಿ.

"ಹಳೆಯದನ್ನು ಕೆಡವಲಿಲ್ಲವಾ?" ಎಂದೆ.

"ಅಷ್ಟು ಎತ್ತರಕ್ಕೆ ಕಲ್ಲು ಹೊತ್ತವರು ಯಾರೂ ಸುಮ್ಮನೆ ಕೆಡವುವುದಿಲ್ಲ," ಎಂದರು.

ಕೊನೆಗೆ ಇಗರ್ಜಿಯ ಬಾಗಿಲಿಗೆ ಪೆನ್ಸಿಲಿನ ಮೊನೆಯಿಂದ ತೂತು ಚುಚ್ಚಿದರು. ಅವರ ತಾಯಿ ಹುಡುಗಿಯಾಗಿದ್ದಾಗ ನಡೆದ ಅಂತರ್ಯುದ್ಧದ ಗುಂಡಿನ ಗುರುತಂತೆ. ನಿಜ ಹೇಳಬೇಕೆಂದರೆ ನಾನು ಬೆರಗಾಗಿ ಕೂತಿದ್ದೆ. ಇಷ್ಟು ಧಣಿಗಳನ್ನು ಕಂಡೂ ಆ ಊರು ಯಾರ ಕೈಕೆಲಸವನ್ನೂ ಪೂರ್ತಿ ಕಳೆದುಕೊಂಡಿರಲಿಲ್ಲ. ಆದರೆ ಒಂದು ವಿಷಯಕ್ಕೆ ನನಗೆ ಸಿಟ್ಟು ಬಂದಿತ್ತು. ನಮ್ಮ ಗೋದಲಿಯಲ್ಲಿ ಕೆರೆಗೆಂದು ಒಂದು ಕನ್ನಡಿ ಚೂರು ಇಟ್ಟೇ ಇಡುತ್ತೇವೆ. ಗುಡ್ಡದ ತುದಿಯಲ್ಲಿ ಕೆರೆ ಎಲ್ಲಿಂದ ಬರಬೇಕು ಎಂದು ಇವರು, ನಾನು ಇರಲಿ ಎಂದರೂ ಕೇಳದೆ, ಅದನ್ನು ಎತ್ತಿ ಬದಿಗಿಟ್ಟಿದ್ದರು.

ಬೆಲ್ ಆಯಿತು. ಮಾಲೀಕರೇ. ನಮ್ಮ ಹಬ್ಬ ಅವರ ಕಣ್ಣಿಗೆ ಬೀಳದಿರಲೆಂದು ಗಂಡ ಗೋದಲಿ ಮುಚ್ಚಲು ಬೆಡ್‌ಶೀಟಿಗೆ ತಡಕಾಡಿದರು.

"ಇನ್ನು ಮುಚ್ಚಿ ಎಂತ ಮಾಡುವುದು ಮಾರಾಯ್ರೆ, ಬಾಗಿಲು ತೆಗೀರಿ," ಎಂದೆ.

ಒಳಗೆ ಬಂದವರು ನೇರ ಗುಡ್ಡದ ಮುಂದೆ ನಿಂತರು. ಗೋಪುರದ ಮೇಲೆ ಬೆರಳಿಟ್ಟರು. ಇಂಜಿನಿಯರ್ ತಮಗೆ ಬರುವ ಹರುಕು ಅರಬಿಯಲ್ಲಿ, ಇದು ನಿಮ್ಮ ಜನ ಕಟ್ಟಿದ್ದು, ಗಂಟೆ ನಮ್ಮದು ಎಂದರು. ಇದನ್ನು ಇವತ್ತೇ ಹೇಳಬೇಕಿತ್ತಾ!

ಮುದುಕರು ಗೋಪುರದಿಂದ ಬೆರಳು ತೆಗೆದರು. ಗುಡ್ಡದ ಸುತ್ತ ಬಗ್ಗಿ ನೋಡಿ, "ಪಾನಿ ಕಿದರ್?" ಎಂದು ತಮಗೆ ಬರುವ ಹಿಂದಿಯಲ್ಲಿ ಕೇಳಿದರು, ನೀರೆಲ್ಲಿ ಎಂದು. ತಾವು ಚಿಕ್ಕವರಿದ್ದಾಗ ದೋಹಾದಲ್ಲಿ ಕತ್ತೆಯ ಮೇಲೆ ಬರುವ ನೀರಿಗೆ ಕಾದು ಕೂರುತ್ತಿದ್ದರಂತೆ. ಇಷ್ಟು ಮನೆ ಕಟ್ಟಿದ್ದೀರಿ, ಇವರೆಲ್ಲ ಕುಡಿಯುವುದೇನು?

ಇಂಜಿನಿಯರ್ ಹಣೆ ಬಡಿದುಕೊಂಡರು. ಇಗರ್ಜಿಯ ಅಡಿಯಲ್ಲಿ ಅರಬರು ಬಂಡೆ ಕೊರೆದು ಮಾಡಿದ ಮಳೆನೀರಿನ ತೊಟ್ಟಿಯಿದೆ, ತಮ್ಮ ತಾಯಿಯೂ ಅದರಿಂದಲೇ ನೀರು ಸೇದಿದವಳು, ಗೆದ್ದವರೆಲ್ಲ ಬಾವುಟ ಬದಲಿಸಿದರೇ ಹೊರತು ಅದನ್ನು ಯಾರೂ ಮುಚ್ಚಲಿಲ್ಲ ಎಂದರು.

ನಾನು ಸುಮ್ಮನಿರಲಿಲ್ಲ. ಕನ್ನಡಿ ಚೂರು ತಂದು ಇಗರ್ಜಿಯ ಅಡಿಗೆ ತೂರಿಸಿ, "ಮೊದಲೇ ಹೇಳಿದ್ದೆ," ಎಂದು ಗೊಣಗಿದೆ.

ಮಾಲೀಕರು ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ಅದನ್ನು ನೋಡಿದರು. ಚಹಾ ಕುಡಿದರು, ಮಗಳ ತಲೆ ಸವರಿದರು. ಮನೆಯ ಮಾತೇ ಎತ್ತಲಿಲ್ಲ. ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನ್ನ ಕಡೆ ತಿರುಗಿ, ಕನ್ನಡಿ ತೀರ ಸಣ್ಣದಾಯಿತು, ಅಷ್ಟು ಜನಕ್ಕೆ ಸಾಲದು ಎಂದರು. "ಅಗಲೆ ಸಾಲ್ ಬಡಾ ರಖೋ."

ಬಾಗಿಲು ಹಾಕಿ ಗಂಡ ಅಲ್ಲೇ ಒರಗಿ ನಿಂತರು. "ಮುಂದಿನ ವರ್ಷ ಅಂದರಲ್ಲ," ಎಂದರು. ನಾನು ಮಗಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.