ಬ್ಯಾರನ್ನಿನಲ್ಲಿ ತಿರುಗಿದ ಫ್ಯಾನು

ದೆವ್ವ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಹಳೆಯ ಫ್ಯಾನುಗಳನ್ನು ಕೂಡಿಹಾಕುವ ಹುಚ್ಚು ನನಗೆ. ಫ್ಯಾನ್ ತಿರುಗಬೇಕಾದರೆ ಕರೆಂಟು ಬೇಕು, ಅದೂ ಮೋಟಾರಿಗೆ ಒಗ್ಗುವ ವೋಲ್ಟೇಜಿನದು. ನೂರಹತ್ತು ವೋಲ್ಟಿನ ಫ್ಯಾನನ್ನು ಮನೆಯ ಇನ್ನೂರಮೂವತ್ತಕ್ಕೆ ಸಿಕ್ಕಿಸಿ, ಸುಟ್ಟು, ಹೆಂಡತಿಯಿಂದ ಬೈಸಿಕೊಂಡು ಕಲಿತ ಪಾಠವದು. ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಿಂದ ಸ್ವಾಮಿ ಎಂಬ ರೈತ ಫೋನ್ ಮಾಡಿದ. ಅವನಜ್ಜ ಕೊಡಗಿನ ಎಸ್ಟೇಟ್ ಬಂಗಲೆಯಿಂದ ತಂದ ಹಿತ್ತಾಳೆ ರೆಕ್ಕೆಯ ಟೇಬಲ್ ಫ್ಯಾನೊಂದು ಹಳೆಯ ಬ್ಯಾರನ್ನಿನಲ್ಲಿ ಬಿದ್ದಿದೆಯಂತೆ. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ, ಕಿಟಕಿಯಿಲ್ಲದ ಎತ್ತರದ ಗೂಡು. ನಾನು ಹೋದ ಮಧ್ಯಾಹ್ನ ಪಕ್ಕದ ಹೊಸ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕಿದ್ದರು. ಎರಡಕ್ಕೂ ನಡುವೆ ಒಂದೇ ಗೋಡೆ. ಸ್ವಾಮಿ ನನ್ನನ್ನು ಹಳೆಯದರೊಳಗೆ ಬಿಟ್ಟು, ಸೌದೆ ತಂದ ಟ್ರ್ಯಾಕ್ಟರಿನ ಕಡೆ ಹೋದ.

ಟಾರ್ಚ್ ಬೆಳಕಿನಲ್ಲಿ ಫ್ಯಾನಿನ ತಗಡು ಒರೆಸಿ ಓದಿದೆ: ನೂರಹತ್ತು ವೋಲ್ಟ್, ಡಿಸಿ. ವೈರನ್ನು ಬುಡದಲ್ಲೇ ಕತ್ತರಿಸಿದ್ದರು. ಅಷ್ಟರಲ್ಲಿ ಬಾಗಿಲು ಮುಚ್ಚಿತು, ಹೊರಗಿನಿಂದ ಚಿಲಕ ಬಿತ್ತು. ಬೇಯಿಸುವ ಕಾಲದಲ್ಲಿ ಬ್ಯಾರನ್ ಬಾಗಿಲು ತೆರೆದಿದ್ದರೆ ಆ ಕಡೆಯ ಯಾರೇ ಆಗಲಿ ಮುಚ್ಚಿಯೇ ಮುಂದೆ ಹೋಗುತ್ತಾರೆ. ಶಾಖ ಹೋದರೆ ಸೊಪ್ಪು ಕೆಡುತ್ತದೆ. ಸ್ವಾಮಿಯ ತಾಯಿ ಅಭ್ಯಾಸಬಲದಿಂದ ಖಾಲಿ ಬ್ಯಾರನ್ನಿಗೂ ಅದನ್ನೇ ಮಾಡಿದ್ದರು.

ಕೂಗಿದೆ, ಬಾಗಿಲು ಗುದ್ದಿದೆ. ಟ್ರ್ಯಾಕ್ಟರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ನನಗೋ ಉಬ್ಬಸ, ಅದರ ಪಂಪು ಹೊರಗೆ ಬೈಕಿನ ಚೀಲದಲ್ಲಿ. ಗೋಡೆ ಕಾವಲಿಯ ಹಾಗೆ ಕಾದಿತ್ತು. ಎಷ್ಟು ಎಳೆದರೂ ಉಸಿರು ಒಳಗೆ ಬರದೆ ನೆಲಕ್ಕೆ ಕುಸಿದೆ. ಇಲ್ಲೇ ಸಾಯುತ್ತೇನೆ ಎಂದು ನಿಜವಾಗಿಯೂ ಹೆದರಿದೆ.

ಆಗ ಫ್ಯಾನು ತಿರುಗಿತು. ಮೊದಲು ನಿಧಾನಕ್ಕೆ, ಆಮೇಲೆ ರೆಕ್ಕೆ ಕಾಣದಷ್ಟು ಜೋರಾಗಿ. ತಣ್ಣನೆಯ ಗಾಳಿ ಬಂತು. ಮುಖವೊಡ್ಡಿ ಸ್ವಲ್ಪ ಸ್ವಲ್ಪವೇ ಉಸಿರಾಡಿದೆ. ಎಷ್ಟು ಹೊತ್ತೋ ತಿಳಿಯದು. ಚಿಲಕ ಸರಿದಾಗ ರೆಕ್ಕೆಗಳು ನಿಂತಿದ್ದವು.

ಸ್ವಾಮಿ ನನ್ನನ್ನು ಹೊರಗೆಳೆದ. ಅವನ ತಾಯಿ ಅಳುತ್ತ, ಸೆರಗಿನಿಂದ ನನ್ನ ಮುಖ ಒರೆಸಲು ಬಂದವರು ಹಾಗೇ ನಿಂತರು. "ಬೆನ್ನೆಲ್ಲ ಬೆವ್ತು ನೀರು, ಮೊಕ ಮಾತ್ರ ಒಣಗ್ಕೊಂಡದಲ್ಲಪ್ಪ," ಎಂದರು.

ಪಂಪು ಎಳೆದುಕೊಂಡು ಸುಧಾರಿಸಿದ ಮೇಲೆ ಫ್ಯಾನಿನ ಹಿಂದಿನ ಮುಚ್ಚಳ ಬಿಚ್ಚಿದೆ. ಮೋಟಾರಿನಲ್ಲಿ ಒಂದೆಳೆ ತಂತಿಯೂ ಇರಲಿಲ್ಲ. ಸ್ವಾಮಿ ತಲೆ ಕೆರೆದುಕೊಂಡ. "ತಾಮ್ರನ ನಮ್ಮಪ್ಪನ ಕಾಲದಲ್ಲೇ ಗುಜರಿಗಾಕ್ಬುಟ್ರು ಕಣ್ ಸಾ. ರೆಕ್ಕೆ ಚೆಂದಾಗದಲ್ಲ ಅಂತ ನಿಮ್ಗೇಳ್ದೆ."

ಉಸಿರುಗಟ್ಟಿದಾಗ ಏನೇನೋ ಕಾಣಿಸುತ್ತದೆ ಎಂದರು ನಮ್ಮ ಡಾಕ್ಟರು. ಇರಬಹುದು. ಆದರೆ ಒಣಗಿದ ಮುಖವನ್ನು ಕಂಡದ್ದು ನಾನಲ್ಲ, ಸ್ವಾಮಿಯ ತಾಯಿ. ಫ್ಯಾನನ್ನು ಮನೆಗೆ ತಂದಿದ್ದೇನೆ. ಮಿಕ್ಕವನ್ನೆಲ್ಲ ಹೊಸದಾಗಿ ತಂತಿ ಸುತ್ತಿಸಿ ಓಡಿಸಿದೆ, ಇದೊಂದಕ್ಕೆ ಮನಸ್ಸು ಬರುತ್ತಿಲ್ಲ. ಸುತ್ತಿಸಿದರೆ ಅದು ಎಲ್ಲ ಫ್ಯಾನಿನ ಹಾಗೆ ಕರೆಂಟಿಗೇ ತಿರುಗುತ್ತದೆ. ಅವತ್ತು ಕರೆಂಟಿಗೆ ಕಾಯದೆ ತಿರುಗಿದ್ದರಿಂದ ನಾನು ಉಳಿದುಕೊಂಡೆ.