ಅವ್ವನ ಬಾಯಿಗೆ ಬಾರದ ‘ಇಲ್ಲ’

೧೯೭೪ರ ಬೇಸಿಗೆ. ಮಹಾರಾಷ್ಟ್ರದ ಗಡಿಗಿರುವ ಜತ್ತ ತಾಲೂಕಿನ ಕರಜಗಿಯ ನಮ್ಮ ಮನೆಯಲ್ಲಿ ಮೂರೇ ಜನ: ಅವ್ವ, ಅಣ್ಣ ಮಲ್ಲಪ್ಪ, ಅವನ ತಂಗಿ ನಾನು. ಕುರಿ ಕಾಯುತ್ತಿದ್ದ ಅಣ್ಣನ ಮುಖ, ಕಾಲು ಬಾತುಕೊಂಡವು. ಮಿರಜಿನ ಡಾಕ್ಟರು ಎರಡೂ ಕಿಡ್ನಿ ಕೆಟ್ಟಿವೆ ಎಂದರು. ಹೊಟ್ಟೆಗೆ ನಳಿಕೆ ಹಾಕಿ ರಕ್ತದ ವಿಷ ತೆಗೆಯಬೇಕಂತೆ. ಬಡವರೆಂದು ತಹಸೀಲ್ದಾರರ ದಾಖಲೆ ತಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ. ನಮ್ಮ ಕುರಿಗಳೆಲ್ಲ ಆಗಲೇ ಮಾರಿ ಹೋಗಿದ್ದವು.

ಆ ಒಂದು ಕಾಗದಕ್ಕಾಗಿ ಜತ್ತದ ಕಚೇರಿಗೆ ಎಡತಾಕಿ ಎಡತಾಕಿ ಸಾಕಾಗಿ ಹೋಯಿತು. ತಹಸೀಲ್ದಾರ ಸಾಹೇಬರಿದ್ದರೆ ಕಾರಕೂನ ಇರುತ್ತಿರಲಿಲ್ಲ. ಅವನಿದ್ದರೆ ಕಾಗದಕ್ಕೆ ಒತ್ತುವ ಶಿಕ್ಕಾ ಇನ್ನೊಬ್ಬರ ಬಳಿ. ಕೊನೆಗೊಂದು ದಿನ ಅರ್ಜಿಯನ್ನೇ ವಾಪಸು ಕೊಟ್ಟರು. ಅದರ ಮೇಲೆ ಮರಾಠಿಯಲ್ಲಿ, ಮನೆಯಲ್ಲಿ ಧಾನ್ಯ ಹೇರಳವಾಗಿದೆ, ಸವಲತ್ತಿಗೆ ಪಾತ್ರರಲ್ಲ ಎಂದು ಬರೆದಿತ್ತು.

ನಾನು ಬೆಪ್ಪಾದೆ. ಮನೆಗೆ ಬಂದು ಕೇಳಿದರೆ, ನಾನು ನೀರಿಗೆ ಹೋದಾಗ ಊರ ಲೆಕ್ಕಪತ್ರ ನೋಡುವ ತಲಾಠಿ ವಿಚಾರಣೆಗೆ ಬಂದಿದ್ದರಂತೆ. ಅವರು ಸಾತಾರಾ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ.

“ನೀ ಏನಂದಿ ಅವ್ವಾ?”

“ಜ್ವಾಳ ಎಷ್ಟ ಅದಾವ ಅಂದ್ರು. ಹೆಚ್ಚಾಗ್ಯಾವರಿ ಅಂದೆ.”

ನಮ್ಮ ಕಡೆ ಯಾವ ಹೆಣ್ಣುಮಗಳೂ ಕಾಳು ತೀರಿತು ಎನ್ನುವುದಿಲ್ಲ. ‘ಇಲ್ಲ’ ಎಂದರೆ ಅಪಶಕುನ. ತೀರಿದ ಜೋಳಕ್ಕೂ ಒಡೆದ ಬಳೆಗೂ ‘ಹೆಚ್ಚಾಗ್ಯಾವ’ ಎನ್ನುವುದೇ ರೂಢಿ. ತಲಾಠಿ ಕಿವಿಗೆ ಬಿದ್ದದ್ದನ್ನು ಹಾಗೆಯೇ ಬರೆದುಕೊಂಡಿದ್ದರು. ಯಾರನ್ನು ಬೈಯಲಿ?

“ಕಚೇರ್ಯಾಗ ಇಲ್ಲ ಅಂತ ಬಾಯಿ ಬಿಚ್ಚಿ ಹೇಳಬೇಕು,” ಎಂದೆ.

“ಮನ್ಯಾಗ ಮಗ ಮಲಗ್ಯಾನ. ಹ್ಯಾಂಗ ಅನ್ನಲವ್ವಾ?” ಎಂದು ಅವ್ವ ಅತ್ತಳು.

ಮರುದಿನ ಮೂವರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವ್ವನಿಗೆ ಗಿಳಿಪಾಠ ಹೇಳಿಕೊಟ್ಟೆ. ಪುಣ್ಯಕ್ಕೆ ಸಾಹೇಬರಿಗೆ ಕನ್ನಡ ಬರುತ್ತಿತ್ತು.

“ಕುಂದ್ರಿ ತಾಯಿ. ಮನ್ಯಾಗ ಜ್ವಾಳ ಅದಾವೇನು?”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಇಲ್ರಿ,” ಎಂದಳು.

“ಕುರಿ?”

“ಇಲ್ರಿ.”

“ದುಡಿಯೋ ಗಂಡಸರು?”

ಅವ್ವ ಬೆಂಚಿನ ಮೇಲೆ ಒರಗಿದ್ದ ಅಣ್ಣನ ಕಡೆ ನೋಡಿದಳು. ಸಾಹೇಬರು ಮತ್ತೊಮ್ಮೆ ಕೇಳಿದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾನು ತಲೆ ತಗ್ಗಿಸಿ ಕೂತೆ.

ಅಣ್ಣನೇ ಗೋಡೆ ಹಿಡಿದು ಎದ್ದು ನಿಂತ.

“ಯಾರೂ ಇಲ್ರಿ ಸಾಹೇಬ್ರ. ಬರ್ಕೋರಿ,” ಎಂದ.

ದಾಖಲೆ ಅಂದೇ ಸಿಕ್ಕಿತು. ಚಿಕಿತ್ಸೆಯೂ ನಡೆಯಿತು. ಮಳೆಗಾಲ ಮುಗಿಯುವವರೆಗೆ ಅಣ್ಣ ನಮ್ಮೊಂದಿಗಿದ್ದ.

ತಲಾಠಿಯ ಮೇಲೆ ನನಗೀಗ ಸಿಟ್ಟಿಲ್ಲ. ಸಿಟ್ಟಿರುವುದು ನನ್ನ ಮೇಲೆ. ಆ ಮಾತನ್ನು ಅಂದು ನಾನು ಹೇಳಬಹುದಿತ್ತು. ಅಣ್ಣನ ಬಾಯಿಂದಲೇ ಹೇಳಿಸಿಬಿಟ್ಟೆ.